ಇಂಗ್ಲಿಷ್ ಪದಗಳನ್ನು ಒಂಟಿಯಾಗಿ ಕಲಿಯಬೇಡಿ

ವಿರಾಜಪೇಟೆಯಲ್ಲಿ ಸಂಜೆ ಹೊತ್ತು ಪಿಯುಸಿ, ಡಿಗ್ರಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಬಂದವರೆಲ್ಲ ಮೊದಲು ಕೇಳುವುದು, "ಮಿಸ್, ಕಷ್ಟದ ಪದಗಳ ಪಟ್ಟಿ ಇದ್ರೆ ಕೊಡಿ." ಒಳ್ಳೆಯ ಪಟ್ಟಿ ಇದೆ. ಆವ್ರಿಲ್ ಕಾಕ್ಸ್‌ಹೆಡ್ 2000ರಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್. ಕಾಲೇಜು ಪಠ್ಯಗಳಲ್ಲಿ ಮತ್ತೆ ಮತ್ತೆ ಬರುವ 570 ಪದಗಳು, ಅವುಗಳ ರೂಪಗಳ ಸಮೇತ ಅದರಲ್ಲಿವೆ. ಆದರೆ ಅದನ್ನು ಸುಮ್ನೆ ಬಾಯಿಪಾಠ ಮಾಡಲು ನಾನು ಬಿಡುವುದಿಲ್ಲ.

ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದಿಂದ ಶುರು ಮಾಡಿ. ಕೊಡಗಿನವರಿಗೆ ಮಳೆ ಗೊತ್ತು, ಕಾಫಿ ಗೊತ್ತು. 2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡಗಳು ಕುಸಿದದ್ದರ ಬಗ್ಗೆ ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದ ವರದಿ ಹುಡುಕಿ ಓದಿ. ಏನಾಯಿತು ಅಂತ ಮೊದಲೇ ಗೊತ್ತಿರುವುದರಿಂದ 'ಇವ್ಯಾಕ್ಯುಯೇಟ್' ಎಂಬ ಪದ ಎದುರಾದರೆ, ಜನರನ್ನು ಅಲ್ಲಿಂದ ತೆರವು ಮಾಡಿಸಿದ ವಿಷಯ ಅಂತ ಊಹಿಸಬಹುದು, ಅಲ್ವಾ? ಊಹಿಸಿದ ಮೇಲೆಯೇ ಡಿಕ್ಷನರಿ ತೆರೆಯಿರಿ. ಊಹೆ ತಪ್ಪಾದರೂ ಆ ಪದ ಮನಸ್ಸಲ್ಲಿ ಉಳಿಯುತ್ತದೆ.

ಈಗ ಚೀಟಿ ಬರೆಯಿರಿ. ಒಂದು ಬದಿಗೆ ಪದದ ಜಾಗ ಖಾಲಿ ಬಿಟ್ಟು ಇಡೀ ವಾಕ್ಯ. ಇನ್ನೊಂದು ಬದಿಗೆ ಪದ, ಅದರ ಜೊತೆ ಓಡಾಡುವ ಪದಗಳು: 'ಇವ್ಯಾಕ್ಯುಯೇಟ್ ರೆಸಿಡೆಂಟ್ಸ್', 'ಇವ್ಯಾಕ್ಯುಯೇಷನ್ ಆರ್ಡರ್'. ಇದೇ ಮುಖ್ಯ ಕೆಲಸ, ಇದರಲ್ಲಿ ಅವಸರ ಬೇಡ. ಇಂಗ್ಲಿಷ್‌ನಲ್ಲಿ ಮಳೆ 'ಹೆವಿ', ಕಾಫಿ 'ಸ್ಟ್ರಾಂಗ್'. 'ಸ್ಟ್ರಾಂಗ್ ರೇನ್' ಅಂತ ಬರೆದರೆ ಅರ್ಥವಾಗುತ್ತದೆ, ವ್ಯಾಕರಣವೂ ಸರಿ. ಆದರೂ ಇಂಗ್ಲಿಷ್ ಬಲ್ಲವರ ಕಿವಿಗೆ ಅದು ಒಗ್ಗುವುದಿಲ್ಲ.

ಚೀಟಿಗಳನ್ನು ಸ್ಟೀಲ್ ಡಬ್ಬಿಯಲ್ಲಿಡಿ. ನಮ್ಮ ಮಳೆಗಾಲಕ್ಕೆ ಕಾಗದ ಬೂಸ್ಟು ಹಿಡಿಯುತ್ತದೆ. ಒಳಗೆ ಮೂರು ಭಾಗ ಮಾಡಿ: ದಿನಾ ನೋಡುವುದು, ಮೂರು ದಿನಕ್ಕೊಮ್ಮೆ ನೋಡುವುದು, ವಾರಕ್ಕೊಮ್ಮೆ ನೋಡುವುದು. ಉತ್ತರ ಸರಿಯಾದರೆ ಚೀಟಿ ಮುಂದಿನ ಭಾಗಕ್ಕೆ, ತಪ್ಪಾದರೆ ಮತ್ತೆ ಮೊದಲನೆಯದಕ್ಕೆ. ಇದು ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ವಿಧಾನ. ಮರೆಯುವ ಪದ ಜಾಸ್ತಿ ಸಲ ಕಣ್ಣಿಗೆ ಬೀಳುತ್ತದೆ, ಗೊತ್ತಿರುವುದು ಸಮಯ ತಿನ್ನುವುದಿಲ್ಲ.

ಭಾನುವಾರ ಐದು ಚೀಟಿ ತೆಗೆದು ಒಂದು ಪ್ಯಾರಾ ಬರೆಯಿರಿ. 'ಫ್ಲಕ್ಚುಯೇಟ್' ಬಂದರೆ ರೋಬಸ್ಟಾ ಕಾಫಿ ಬೆಲೆಯ ಏರಿಳಿತದ ಬಗ್ಗೆ ಬರೆಯಿರಿ, ಮನೆಯಲ್ಲಿ ದಿನಾ ಅದೇ ಮಾತು ತಾನೇ? ತಿದ್ದುವವರು ಹತ್ತಿರ ಇಲ್ಲದಿದ್ದರೆ ಲರ್ನರ್ಸ್ ಡಿಕ್ಷನರಿಯ (ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ನಿಘಂಟು) ಉದಾಹರಣೆಗಳ ಪಕ್ಕದಲ್ಲಿ ನಿಮ್ಮ ವಾಕ್ಯ ಇಟ್ಟು ನೋಡಿ.