ಮಕ್ಕಳೊಡನೆ ಎರಡು ದಿನದ ಮೈಸೂರು: ಯೋಜಿಸುವುದು ಹೇಗೆ, ನಡೆಸುವುದು ಹೇಗೆ?

ರಜೆ ಬಂತೆಂದರೆ ಬೆಂಗಳೂರಿನ ಬಹಳಷ್ಟು ಮನೆಗಳಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಲು ಮೊದಲು ನೆನಪಾಗುವ ಊರು ಮೈಸೂರು. ಸುಮಾರು 140 ಕಿಲೋಮೀಟರ್ ದೂರ, ಎರಡೂವರೆ ಮೂರು ಗಂಟೆಯ ರೈಲು ಪ್ರಯಾಣ, ಇಳಿದರೆ ಮೃಗಾಲಯ, ಅರಮನೆ, ಬೆಟ್ಟ. ಇಷ್ಟೆಲ್ಲ ಅನುಕೂಲವಿದ್ದರೂ ಯಾವ ರಜಾದಿನದ ಸಂಜೆ ನೋಡಿದರೂ ಅರಮನೆಯ ಅಂಗಳದಲ್ಲಿ ಕಾಲು ಚಾಚಿ ಅಳುತ್ತಿರುವ ನಾಲ್ಕಾರು ಮಕ್ಕಳು ಕಾಣಸಿಗುತ್ತಾರೆ. ನಾವು ಮೊದಲ ಸಲ ಹೋದಾಗ ಅವರಲ್ಲಿ ನಮ್ಮ ಮಗಳೂ ಒಬ್ಬಳು. ಒಂದೇ ದಿನದಲ್ಲಿ ಐದು ಸ್ಥಳಗಳನ್ನು ತೋರಿಸಿಬಿಡಬೇಕೆಂದು ಹೊರಟಿದ್ದ ನಾವು, ನಾಲ್ಕು ವರ್ಷದ ಆ ಮಗುವಿಗೆ ಬೆಳಗಿನಿಂದ ಸಂಜೆಯವರೆಗೆ ಹೇಳಿದ್ದು ‘ಬಾ’, ‘ನಡಿ’, ‘ಮುಟ್ಟಬೇಡ’ ಎಂಬ ಮೂರು ಮಾತುಗಳನ್ನು ಮಾತ್ರ. ಅವಳ ಪಾಲಿಗೆ ಆ ದಿನ ಒಂದು ಕೆಲಸವೂ ಇರಲಿಲ್ಲ, ಒಂದು ಆಯ್ಕೆಯೂ ಇರಲಿಲ್ಲ. ಮುಂದಿನ ಸಲದಿಂದ ನಾವು ಕ್ರಮವನ್ನು ಬದಲಿಸಿಕೊಂಡೆವು. ನಾಲ್ಕರಿಂದ ಹತ್ತು ವರ್ಷದ ಮಕ್ಕಳಿರುವ ಮನೆಗಳಿಗೆ ಅದು ಉಪಯೋಗಕ್ಕೆ ಬಂದೀತೆಂದು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಒಂದು ವಾರ ಮೊದಲು

ದಿನಕ್ಕೆ ಒಂದು ದೊಡ್ಡ ಸ್ಥಳ, ಒಂದು ಚಿಕ್ಕ ಸ್ಥಳ ಎಂದು ನಿಗದಿ ಮಾಡಿಕೊಳ್ಳಿ. ಶನಿವಾರ ಮೃಗಾಲಯ ಮತ್ತು ರೈಲು ವಸ್ತುಸಂಗ್ರಹಾಲಯ, ಭಾನುವಾರ ಚಾಮುಂಡಿ ಬೆಟ್ಟ ಮತ್ತು ಅರಮನೆ ಎಂಬುದು ನಮಗೆ ಒಗ್ಗಿದ ಜೋಡಣೆ. ಮೃಗಾಲಯಕ್ಕೆ ಮಂಗಳವಾರ ರಜೆ. ಉಳಿದ ಕಡೆಯ ವಾರದ ರಜೆ ಮತ್ತು ಸಮಯವನ್ನು ಹೊರಡುವ ಮುನ್ನ ಒಮ್ಮೆ ವಿಚಾರಿಸಿಕೊಳ್ಳಿ, ಏಕೆಂದರೆ ಮುಚ್ಚಿದ ಗೇಟಿನ ಮುಂದೆ ಮಗುವನ್ನು ಸಮಾಧಾನ ಮಾಡುವುದು ಬಹಳ ಕಷ್ಟ. ಅರಮನೆಯ ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ 7ರಿಂದ 7.45ರವರೆಗೆ ಇರುತ್ತದೆಯಾದ್ದರಿಂದ, ಮರುದಿನ ಶಾಲೆಯಿಲ್ಲದ ಭಾನುವಾರವನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಇನ್ನು ಮಕ್ಕಳ ಪಾಲಿನ ಕೆಲಸ. ರಟ್ಟಿನ ಮೇಲೆ ಬೆಂಗಳೂರಿನಿಂದ ಮೈಸೂರಿನವರೆಗೆ ಒಂದು ಗೆರೆ ಎಳೆದು ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣ ಎಂದು ನಿಲ್ದಾಣಗಳನ್ನು ಬರೆಯಲು ಹೇಳಿ. ಬರೆಯಲು ಬಾರದ ಮಗು ಪ್ರತಿ ಊರಿಗೊಂದು ಚಿತ್ರ ಬರೆಯಲಿ: ರಾಮನಗರಕ್ಕೆ ಬಂಡೆ, ಚನ್ನಪಟ್ಟಣಕ್ಕೆ ಬುಗುರಿ, ಮದ್ದೂರಿಗೆ ವಡೆ, ಮಂಡ್ಯಕ್ಕೆ ಕಬ್ಬು, ಶ್ರೀರಂಗಪಟ್ಟಣಕ್ಕೆ ನದಿ. ಈ ಪಟ್ಟಿ ಪ್ರಯಾಣದುದ್ದಕ್ಕೂ ಮಗುವಿನ ಕೈಯಲ್ಲಿರಬೇಕು.

ಮಗುವಿನದೇ ಚೀಲ

ಮಗುವಿಗೆ ತಾನೇ ಹೊರುವಷ್ಟು ಹಗುರವಾದ ಒಂದು ಚೀಲವಿರಲಿ. ಅದರಲ್ಲಿ ನೀರಿನ ಬಾಟಲಿ, ಟೋಪಿ, ಗೆರೆಯಿಲ್ಲದ ಒಂದು ನೋಟ್‌ಬುಕ್, ನಾಲ್ಕು ಬಣ್ಣದ ಪೆನ್ಸಿಲ್, ತೀರಾ ಇಷ್ಟದ ಒಂದೇ ಒಂದು ಆಟಿಕೆ ಸಾಕು. ತಿಂಡಿಯನ್ನು ನಿಮ್ಮ ಚೀಲದಲ್ಲಿಟ್ಟುಕೊಳ್ಳಿ. ಮಗುವಿನ ಬಳಿ ಇದ್ದರೆ ಬಿಡದಿ ಬರುವ ಮೊದಲೇ ಮುಗಿದಿರುತ್ತದೆ. ಹುರಿಗಡಲೆ ಬೆಲ್ಲ, ಏಲಕ್ಕಿ ಬಾಳೆಹಣ್ಣು, ಕೋಡುಬಳೆ, ಕಡಲೆಕಾಯಿ ಚಿಕ್ಕಿ ಇವು ಪ್ರಯಾಣಕ್ಕೆಂದೇ ಹುಟ್ಟಿದ ತಿನಿಸುಗಳು, ಕೈಗೂ ಬಟ್ಟೆಗೂ ಹೆಚ್ಚು ಅಂಟುವುದಿಲ್ಲ. ಬುತ್ತಿಗೆ ಚಪಾತಿ ಚಟ್ನಿಪುಡಿಯೋ ಪುಳಿಯೋಗರೆಯೋ ಆಗಬಹುದು. ಮೊಸರನ್ನ ಒಯ್ಯುವುದಾದರೆ ಹಾಲು ಹೆಚ್ಚು ಹಾಕಿ ಸ್ವಲ್ಪವೇ ಹೆಪ್ಪು ಕೊಟ್ಟು ಕಲಸಿದರೆ ಮಧ್ಯಾಹ್ನದ ಹೊತ್ತಿಗೆ ಹುಳಿಯಾಗದೆ ಹದವಾಗಿರುತ್ತದೆ.

ಮಗುವಿನ ಅಂಗಿಯ ಜೇಬಿನಲ್ಲಿ ತಂದೆ ತಾಯಿಯ ಮೊಬೈಲ್ ಸಂಖ್ಯೆ ಬರೆದ ಚೀಟಿ ಕಡ್ಡಾಯ. ನಮ್ಮ ಹೆಸರನ್ನು ‘ಅಪ್ಪ’, ‘ಅಮ್ಮ’ ಎಂದಷ್ಟೇ ಅಲ್ಲದೆ ಪೂರ್ತಿಯಾಗಿ ಹೇಳಲು ಕಲಿಸಿ. ಕೈತಪ್ಪಿದರೆ ಓಡದೆ ನಿಂತಲ್ಲೇ ನಿಲ್ಲಬೇಕು, ಸಮವಸ್ತ್ರದಲ್ಲಿರುವ ಸಿಬ್ಬಂದಿಯನ್ನೋ ಮಕ್ಕಳೊಂದಿಗಿರುವ ಒಬ್ಬ ಅಮ್ಮನನ್ನೋ ಕೇಳಬೇಕು ಎಂಬುದನ್ನು ಮನೆಯಲ್ಲೇ ಆಟದಂತೆ ಎರಡು ಸಲ ಆಡಿಸಿ. ಮಕ್ಕಳ ಸಹಾಯವಾಣಿ 1098, ರೈಲ್ವೆ ಸಹಾಯವಾಣಿ 139 ನಿಮ್ಮ ಫೋನಿನಲ್ಲಿರಲಿ.

ರೈಲಿನಲ್ಲಿ

ಕಾರಿಗಿಂತ ರೈಲನ್ನೇ ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮಗು ಏಳಬಹುದು, ನಡೆಯಬಹುದು, ಶೌಚಾಲಯಕ್ಕೆ ಹೋಗಬಹುದು. ವಾಂತಿಯ ಕಾಟವೂ ಕಡಿಮೆ. ದೇಹ ಚಲಿಸುತ್ತಿದೆ ಎಂದು ಒಳಕಿವಿ ಮಿದುಳಿಗೆ ತಿಳಿಸುತ್ತಿರುವಾಗ, ಮೊಬೈಲನ್ನೋ ಪುಸ್ತಕವನ್ನೋ ನೋಡುತ್ತಿರುವ ಕಣ್ಣು ಏನೂ ಚಲಿಸುತ್ತಿಲ್ಲ ಎಂದು ತಿಳಿಸುತ್ತದೆ. ಈ ಎರಡು ಸುದ್ದಿಗಳು ಹೊಂದದಿರುವುದರಿಂದಲೇ ಹೊಟ್ಟೆ ತೊಳೆಸುವುದು. ಎರಡರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಇದು ಹೆಚ್ಚು. ಕಾರಿನಲ್ಲೇ ಹೋಗಬೇಕಾದವರು ಹೊರಡುವ ಮುನ್ನ ಎಣ್ಣೆತಿಂಡಿ ತಿನ್ನಿಸದೆ ಎರಡು ಇಡ್ಲಿಯಂಥ ಹಗುರವಾದ ಆಹಾರ ಕೊಟ್ಟು, ಮಗುವಿನ ನೋಟ ಮುಂದಿನ ರಸ್ತೆಯ ಮೇಲೆ ಇರುವಂತೆ ನೋಡಿಕೊಂಡು, ಕಿಟಕಿಯನ್ನು ಸ್ವಲ್ಪ ತೆರೆದಿಡಬೇಕು. ಮಾತ್ರೆಯ ವಿಚಾರವನ್ನು ಮಕ್ಕಳ ವೈದ್ಯರನ್ನು ಕೇಳದೆ ನಿರ್ಧರಿಸಬೇಡಿ.

ಐದು ವರ್ಷ ತುಂಬದ ಮಗುವಿಗೆ ಪ್ರತ್ಯೇಕ ಆಸನ ಬೇಡವೆಂದರೆ ರೈಲಿನಲ್ಲಿ ಟಿಕೆಟ್ ಬೇಕಾಗಿಲ್ಲ. ಆದರೂ ಕಿಟಕಿಯ ಪಕ್ಕದ ಒಂದು ಸೀಟು ಸಿಗುವಂತೆ ಮೊದಲೇ ಕಾಯ್ದಿರಿಸಿ. ಬೆಳಗಿನ ರೈಲಿನಲ್ಲಿ ಬಿಸಿಲು ಎಡಬದಿಗೆ ಬೀಳುವುದರಿಂದ ಬಲಬದಿ ತಂಪು. ಕಿಟಕಿಯ ಸರಳಿನಿಂದ ಕೈ ಹೊರಗೆ ಚಾಚಬಾರದು, ಬಾಗಿಲ ಬಳಿ ಒಬ್ಬರೇ ಹೋಗಬಾರದು ಎಂಬ ಎರಡು ನಿಯಮಗಳಲ್ಲಿ ಮಾತ್ರ ಯಾವ ರಿಯಾಯಿತಿಯೂ ಬೇಡ.

ಇನ್ನು ಪ್ರತಿ ನಿಲ್ದಾಣ ದಾಟಿದಾಗಲೂ ಮಗು ತನ್ನ ಪಟ್ಟಿಯಲ್ಲಿ ಗುರುತು ಹಾಕಲಿ. ಈ ದಾರಿಯಲ್ಲಿ ತೋರಿಸಲು ಬೇಕಾದಷ್ಟಿದೆ. ರಾಮನಗರದ ಬೋಳು ಬಂಡೆಗಳಲ್ಲಿ ರಣಹದ್ದುಗಳು ಗೂಡು ಕಟ್ಟುತ್ತಿದ್ದುದರಿಂದ 2012ರಲ್ಲಿ ರಾಮದೇವರ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಆನೆಯಂಥ ಬಂಡೆ ಯಾವುದು, ಇಡ್ಲಿಯಂಥ ಬಂಡೆ ಯಾವುದು ಎಂದು ಹುಡುಕುವುದಕ್ಕೆ ಚನ್ನಪಟ್ಟಣ ಬರುವವರೆಗೂ ಸಮಯವಿದೆ. ಚನ್ನಪಟ್ಟಣದ ಬುಗುರಿಯೊಂದು ಮನೆಯಲ್ಲಿದ್ದರೆ ಜೊತೆಗೆ ಒಯ್ದು, ಮೃದುವಾದ ಆಲೆಮರವನ್ನು ಕಡೆದು ಅದು ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ ಎಂದು ಅಲ್ಲೇ ಹೇಳಿ. ಮದ್ದೂರಿನಲ್ಲಿ ವಡೆಯ ಕೂಗು ಕೇಳಿಸಿದಾಗ ದುಡ್ಡು ಕೊಟ್ಟು ಚಿಲ್ಲರೆ ಎಣಿಸಿ ತೆಗೆದುಕೊಳ್ಳುವ ಕೆಲಸ ಏಳು ಎಂಟು ವರ್ಷದ ಮಗುವಿನದಾಗಲಿ. ಶ್ರೀರಂಗಪಟ್ಟಣ ಕಾವೇರಿಯ ನಡುವಣ ದ್ವೀಪವಾದ್ದರಿಂದ ರೈಲು ಊರಿನ ಮೊದಲೂ ಊರಾದ ಮೇಲೂ ಹೊಳೆಯನ್ನು ದಾಟುತ್ತದೆ. ಎರಡು ಸೇತುವೆಗಳನ್ನೂ ಕಂಡುಹಿಡಿದರೆ ಎರಡು ಗುರುತು. ಜೋಡಿ ಹಳಿ ಹಾಕಲು ಅಡ್ಡವಾಗಿದ್ದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಒಡೆಯದೆ, ಇಡಿಯಾಗಿಯೇ ಎತ್ತಿ ಸರಿಸಿ ಬೇರೆಡೆ ಕೂರಿಸಿದರು ಎಂಬ ಸಂಗತಿಯನ್ನು ಹೇಳಿದಾಗ ನಮ್ಮ ಮಗ ಮೈಸೂರು ಬರುವವರೆಗೂ ಅದು ಹೇಗೆ ಸಾಧ್ಯ ಎಂದು ಪ್ರಶ್ನೆ ಕೇಳುತ್ತಲೇ ಇದ್ದ.

ನಡುವೆ ನೋಡಲು ಏನೂ ಇಲ್ಲದ ಹೊತ್ತಿಗೆ ಒಗಟುಗಳಿವೆ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಎಂದರೆ ಮಲ್ಲಿಗೆ ಎನ್ನುವುದು ಅಜ್ಜಿಯ ಮನೆಯಲ್ಲಿ ಬೆಳೆದ ಮಕ್ಕಳಿಗೆ ಗೊತ್ತಿರುತ್ತದೆ. ಗೊತ್ತಿಲ್ಲದವರು ಕಲಿಯಲಿ, ಆಮೇಲೆ ಹೊರಗೆ ಕಂಡ ಕಬ್ಬಿನ ಗದ್ದೆಗೋ ಎತ್ತಿನ ಗಾಡಿಗೋ ತಾವೇ ಒಂದು ಒಗಟು ಕಟ್ಟಲಿ. ಚೌಕಾಬಾರವೂ ಸುಲಭ. ನೋಟ್‌ಬುಕ್ಕಿನ ಹಾಳೆಯಲ್ಲಿ ಐದು ಸಾಲು, ಐದು ಕಂಬದ ಮನೆ ಬರೆದು, ಒಂದು ಬದಿ ಬೆಳ್ಳಗಾಗುವಂತೆ ಮನೆಯಲ್ಲೇ ಉಜ್ಜಿದ ನಾಲ್ಕು ಹುಣಸೆಬೀಜಗಳನ್ನು ಡಬ್ಬಿಯಲ್ಲಿ ಹಾಕಿ ಕುಲುಕಿದರೆ ದಾಳ ಸಿದ್ಧ. ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಮನೆಯಾಟಗಳಲ್ಲಿ ಅಪಾರ ಆಸಕ್ತಿಯಿದ್ದ ಅರಸರಾಗಿದ್ದರು. ಮೈಸೂರಿಗೆ ಹೋಗುವ ದಾರಿಯಲ್ಲಿ ಆಡಲು ಇದಕ್ಕಿಂತ ತಕ್ಕ ಆಟ ನನಗೆ ತಿಳಿಯದು. ಮೊಬೈಲನ್ನು ಪೂರ್ತಿ ನಿಷೇಧಿಸಬೇಕೆಂದು ನಾನು ಹೇಳುವುದಿಲ್ಲ, ಆದರೆ ಅದನ್ನು ಹೋಗುವಾಗ ಹೊರತೆಗೆಯದೆ ಮರಳುವಾಗಿನ ದಣಿವಿಗೆಂದು ಉಳಿಸಿಟ್ಟುಕೊಳ್ಳಿ.

ಮೃಗಾಲಯದಲ್ಲಿ

ಬೆಳಗಿನ ಮೊದಲ ರೈಲುಗಳಲ್ಲಿ ಹೊರಟರೆ ಬಿಸಿಲೇರುವ ಮುನ್ನ ಮೃಗಾಲಯದಲ್ಲಿರಬಹುದು. ಹುಲಿ, ಸಿಂಹ, ಚಿರತೆಗಳು ಮಧ್ಯಾಹ್ನ ನೆರಳಿನಲ್ಲಿ ಮಲಗಿಬಿಡುವುದರಿಂದ ತಡವಾಗಿ ಹೋದವರಿಗೆ ಬಾಲವಷ್ಟೇ ಕಾಣುತ್ತದೆ. 1892ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಆರಂಭವಾದ ಈ ಮೃಗಾಲಯ ದೊಡ್ಡದು, ಪೂರ್ತಿ ಸುತ್ತಲು ಕಿಲೋಮೀಟರುಗಟ್ಟಲೆ ನಡೆಯಬೇಕು. ಚಿಕ್ಕ ಮಗುವಿದ್ದರೆ ಬ್ಯಾಟರಿ ವಾಹನವನ್ನು ವಿಚಾರಿಸಿ, ಇಲ್ಲವೇ ಅರ್ಧ ಸುತ್ತಿಗೇ ತೃಪ್ತರಾಗಿ.

ಒಳಗೆ ಹೋದ ಕೂಡಲೇ ಪ್ರತಿ ಮಗುವೂ ತಾನು ತಪ್ಪದೆ ನೋಡಬೇಕಾದ ಮೂರು ಪ್ರಾಣಿಗಳನ್ನು ಹೇಳಲಿ. ಉಳಿದವು ದಾರಿಯಲ್ಲಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಒಂದೊಂದು ಪ್ರಾಣಿಯ ಮುಂದೆ ಕನಿಷ್ಠ ಹತ್ತು ನಿಮಿಷ ನಿಲ್ಲುವುದು ನಮ್ಮ ಮನೆಯ ಕಟ್ಟುನಿಟ್ಟು. ಮೊದಲ ಎರಡು ನಿಮಿಷದಲ್ಲಿ ಮಗು ‘ಮುಂದೆ ಹೋಗೋಣ’ ಎನ್ನುತ್ತದೆ. ಆಗ ಒಂದು ಪ್ರಶ್ನೆ ಕೈಗೆ ಕೊಡಬೇಕು. ಜಿರಾಫೆ ಎಲೆಯನ್ನು ಹಲ್ಲಿನಿಂದ ಕೀಳುತ್ತದೆಯೋ ನಾಲಿಗೆಯಿಂದಲೋ? ಅಷ್ಟುದ್ದದ ಕತ್ತಿನಲ್ಲಿರುವುದೂ ನಮ್ಮ ಕತ್ತಿನಲ್ಲಿರುವಷ್ಟೇ, ಅಂದರೆ ಏಳೇ ಮೂಳೆಗಳು ಎಂದು ತಿಳಿದಾಗ ಮಕ್ಕಳು ತಮ್ಮ ಕತ್ತನ್ನು ಮುಟ್ಟಿ ನೋಡಿಕೊಳ್ಳುತ್ತಾರೆ. ಹಾವು ನಾಲಿಗೆ ಚಾಚುವುದು ಹೆದರಿಸಲು ಅಲ್ಲ, ವಾಸನೆ ಹಿಡಿಯಲು ಎಂದರೆ ಎಷ್ಟು ಸಲ ಚಾಚಿತೆಂದು ಎಣಿಸುತ್ತಾರೆ. 2014ರಲ್ಲಿ ಪೋಲೋ ಎಂಬ ಗೊರಿಲ್ಲಾ ತೀರಿಕೊಂಡ ಮೇಲೆ ಇಲ್ಲಿ ಕೆಲವು ವರ್ಷ ಗೊರಿಲ್ಲಾಗಳಿರಲಿಲ್ಲ; 2021ರಲ್ಲಿ ಥಾಬೊ ಮತ್ತು ಡೆಂಬಾ ಎಂಬ ಎರಡು ಗಂಡು ಗೊರಿಲ್ಲಾಗಳು ಜರ್ಮನಿಯಿಂದ ಬಂದವು. ಅವುಗಳ ಕೈಬೆರಳನ್ನೂ ಉಗುರನ್ನೂ ನೋಡಿ ತನ್ನ ಕೈಯ ಪಕ್ಕದಲ್ಲಿ ಚಿತ್ರ ಬರೆಯಲು ಕುಳಿತ ಮಗಳು ಅರ್ಧ ಗಂಟೆ ಏಳಲೇ ಇಲ್ಲ, ಮತ್ತು ಆ ದಿನ ನಾವು ಬಿಳಿ ಹುಲಿಯನ್ನು ನೋಡದೆಯೇ ಹೊರಬಂದೆವು. ಅದಕ್ಕಾಗಿ ಯಾರೂ ಬೇಸರಿಸಲಿಲ್ಲ.

ಪ್ರಾಣಿಗಳಿಗೆ ತಿನ್ನಿಸಬಾರದು, ಕೂಗಿ ಎಬ್ಬಿಸಬಾರದು ಎಂಬುದನ್ನು ಮಗುವಿಗೆ ಹೇಳುವ ಜೊತೆಗೆ ದೊಡ್ಡವರೂ ಪಾಲಿಸಬೇಕು. ಗಾಜು ಬಡಿಯುವ ಅಪ್ಪಂದಿರನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ಮಧ್ಯಾಹ್ನದ ವಿರಾಮ

ಊಟವನ್ನು ಮನೆಯ ಸಮಯಕ್ಕೇ ಮಾಡಿಸಿ. ಸಂಜೆಯ ಅಳುವಿನ ಬೇರು ಬಹುಪಾಲು ಹಸಿವೆ ಅಥವಾ ತಪ್ಪಿದ ನಿದ್ದೆ. ಎರಡರಿಂದ ನಾಲ್ಕರವರೆಗೆ ಕೋಣೆಗೆ ಮರಳಿ ಮಲಗಲಿ, ನಿದ್ದೆ ಬಾರದ ದೊಡ್ಡ ಮಕ್ಕಳು ಚಿತ್ರ ಬರೆಯಲಿ. ಎರಡು ಗಂಟೆ ವ್ಯರ್ಥವಾಯಿತೆಂದು ಅನ್ನಿಸಿದರೂ ಈ ಹಂತವನ್ನು ಬಿಡಬೇಡಿ.

ನಾಲ್ಕರ ಮೇಲೆ ರೈಲು ನಿಲ್ದಾಣದ ಹತ್ತಿರವೇ ಇರುವ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. 1979ರಲ್ಲಿ ತೆರೆದ ಈ ಜಾಗದಲ್ಲಿ ಹಳೆಯ ಉಗಿಬಂಡಿಗಳಿವೆ, ಮಕ್ಕಳು ಕೂತು ಸುತ್ತುವ ಪುಟ್ಟ ರೈಲಿದೆ. ಅಡುಗೆಮನೆ ಮತ್ತು ಊಟದ ಕೋಣೆಯಿರುವ, 1899ರ ಮಹಾರಾಣಿಯ ಸಲೂನ್ ಬೋಗಿಯನ್ನು ಬೆಳಗ್ಗೆ ತಾವು ಬಂದ ಬೋಗಿಯೊಡನೆ ಹೋಲಿಸಿ ಐದು ವ್ಯತ್ಯಾಸಗಳನ್ನು ಮಕ್ಕಳು ಹೇಳಲಿ.

ಎರಡನೆಯ ದಿನ

ಚಾಮುಂಡಿ ಬೆಟ್ಟಕ್ಕೆ ಸುಮಾರು 1000 ಮೆಟ್ಟಿಲುಗಳಿವೆ. ಮಕ್ಕಳನ್ನು ಹತ್ತಿಸುವ ಬದಲು ಬಸ್ಸಿನಲ್ಲಿ ಮೇಲೆ ಹೋಗಿ, ದರ್ಶನ ಮುಗಿಸಿ, ಮೆಟ್ಟಿಲುಗಳನ್ನು ಇಳಿಯುತ್ತ ದೊಡ್ಡ ನಂದಿಯವರೆಗೆ ಬನ್ನಿ. ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದ ಈ ನಂದಿಯ ಕೊರಳ ಗಂಟೆಗಳನ್ನು ಎಣಿಸುವುದು, ಇಳಿದ ಮೆಟ್ಟಿಲುಗಳ ಲೆಕ್ಕವಿಡುವುದು ಮಕ್ಕಳ ಪಾಲು. ಬೆಳಗ್ಗೆ ಎಂಟರೊಳಗೆ ಹೋದರೆ ಕಲ್ಲು ಕಾದಿರುವುದಿಲ್ಲ. ಕೋತಿಗಳಿರುವುದರಿಂದ ಬಾಳೆಹಣ್ಣಿನ ಚೀಲ ಕೋಣೆಯಲ್ಲೇ ಇರಲಿ.

ಅರಮನೆಯನ್ನು ಮಧ್ಯಾಹ್ನದ ನಿದ್ದೆಯಾದ ಮೇಲೆ ನೋಡಿ. ಒಳಗೆ ಇತಿಹಾಸವನ್ನೆಲ್ಲ ಹೇಳಿ ಮುಗಿಸಬೇಡಿ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು, ಈಗಿನದು 1912ರಲ್ಲಿ ಮುಗಿಯಿತು ಎಂಬಷ್ಟು ಸಾಕು. ಕಲ್ಯಾಣ ಮಂಟಪದ ಗಾಜಿನ ಚಾವಣಿಯಲ್ಲಿ ನವಿಲುಗಳನ್ನು ಹುಡುಕುವುದು, ಗೋಡೆಯ ಮೇಲಿನ ದಸರಾ ಮೆರವಣಿಗೆಯ ಚಿತ್ರಗಳಲ್ಲಿ ತಮ್ಮ ವಯಸ್ಸಿನ ಒಂದು ಮಗುವನ್ನು ಹುಡುಕುವುದು, ಚಿನ್ನದ ಅಂಬಾರಿಯ 750 ಕಿಲೋ ತೂಕ ತಮ್ಮಂಥ ಎಷ್ಟು ಮಕ್ಕಳ ತೂಕಕ್ಕೆ ಸಮ ಎಂದು ಲೆಕ್ಕ ಹಾಕುವುದು ಇವೆಲ್ಲ ಅವರನ್ನು ಮುಂದಕ್ಕೆ ನಡೆಸುತ್ತವೆ. 6.30ರ ಹೊತ್ತಿಗೆ ಏನಾದರೂ ತಿನ್ನಿಸಿ, ಅಂಗಳದಲ್ಲಿ ಜಾಗ ಹಿಡಿದು ಕುಳಿತುಕೊಳ್ಳಿ. ಏಳು ಗಂಟೆಗೆ ಸಾವಿರಾರು ಬಲ್ಬುಗಳು ಒಮ್ಮೆಲೇ ಹೊತ್ತಿಕೊಳ್ಳುವ ಆ ಕ್ಷಣದಲ್ಲಿ ಫೋಟೋ ತೆಗೆಯುವ ಗಡಿಬಿಡಿಯಲ್ಲಿರದೆ ಮಗುವಿನ ಮುಖವನ್ನು ನೋಡಿ.

ಹಟ ಹಿಡಿದಾಗ

ಎಷ್ಟು ಯೋಜಿಸಿದರೂ ಒಮ್ಮೆಯಾದರೂ ಹಟ ಬಂದೇ ಬರುತ್ತದೆ. ಜನರ ನಡುವೆ ಗದರದೆ ನೆರಳಿಗೆ ಕರೆದೊಯ್ದು, ನೀರು ಕುಡಿಸಿ, ಐದು ನಿಮಿಷ ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳಿ. ಆಮೇಲೆ ಎರಡೇ ಆಯ್ಕೆ ಕೊಡಿ: ಇನ್ನೊಂದು ಕೋಣೆ ನೋಡೋಣವೋ, ಹೊರಗೆ ಹೋಗೋಣವೋ? ಹೊರಗೆ ಎಂದರೆ ಹೊರಗೇ ಹೋಗಬೇಕು. ಆಟಿಕೆಯ ಅಂಗಡಿಯ ಹಟಕ್ಕೆ ಮಾತ್ರ ಬೇರೆ ಉಪಾಯ ಬೇಕು. ಎರಡು ದಿನಕ್ಕೆಂದು ಒಂದು ಮೊತ್ತವನ್ನು ಮೊದಲೇ ಮಗುವಿನ ಕೈಗೆ ಕೊಟ್ಟು, ಮುಗಿದರೆ ಮುಗಿಯಿತು ಎಂದು ಹೇಳಿ. ನಮ್ಮ ಮಗ ಮೊದಲ ಗಂಟೆಯಲ್ಲೇ ಎಲ್ಲವನ್ನೂ ಬಲೂನಿಗೆ ಸುರಿದ. ಮರುವರ್ಷ ಕೊನೆಯ ಸಂಜೆಯವರೆಗೆ ಜೇಬಿನಲ್ಲೇ ಉಳಿಸಿಕೊಂಡಿದ್ದ.

ಮರಳುವಾಗ

ರಾತ್ರಿಯ ರೈಲಿನಲ್ಲಿ ಮೃಗಾಲಯದ ಟಿಕೆಟ್, ಬಸ್ ಟಿಕೆಟ್ ಮುಂತಾದವನ್ನು ನೋಟ್‌ಬುಕ್ಕಿನ ಪುಟಗಳ ನಡುವೆ ಇಡಲು ಹೇಳಿ, ಅಂಟಿಸುವ ಕೆಲಸವನ್ನು ಮನೆಗೆ ಬಿಡಿ. ಮಂಡ್ಯ ಬರುವ ಮೊದಲೇ ಮಕ್ಕಳು ನಿದ್ದೆ ಹೋಗುತ್ತಾರೆ. ಕೆಂಗೇರಿಯಲ್ಲಿ ಮೆಲ್ಲಗೆ ಎಬ್ಬಿಸಿ, ಮುಖ ಒರೆಸಿ, ಚಪ್ಪಲಿ ಹಾಕಿಸಿ, ಪಟ್ಟಿಯಲ್ಲಿ ಉಳಿದ ಕೊನೆಯ ಗುರುತನ್ನು ಹಾಕಲು ಪೆನ್ಸಿಲನ್ನು ಕೈಗೆ ಕೊಡಿ. ಬೆಂಗಳೂರು ಬಂದಾಗ ಅವರೇ ಚೀಲ ಹೊತ್ತು ಇಳಿಯುವಷ್ಟು ಎಚ್ಚರವಾಗಿರುತ್ತಾರೆ.