ರಿಮೋಟ್ ಒತ್ತಿದರೂ ಕಾರು ಮಿಸುಕದಿದ್ದರೆ

ಚೌತಿಗೆ ಊರಿಗೆ ಹೊರಟ ನಸುಕು. ಡೊಂಬಿವಲಿಯ ಸೊಸೈಟಿ ಪಾರ್ಕಿಂಗಿನಲ್ಲಿ ಚೀಲಗಳೆಲ್ಲ ಸಾಲಾಗಿವೆ, ಪನವೇಲ್ ದಾಟಿ ಹೆದ್ದಾರಿ 66 ಹಿಡಿಯಬೇಕು. ರಿಮೋಟ್ ಒತ್ತಿದರೆ ಕಾರು ಮಿಸುಕುವುದಿಲ್ಲ. ಗಾಬರಿ ಬೇಡ. ಬಾಗಿಲು ತೆರೆಯುವ ರೇಡಿಯೋಗೆ ಸೆಲ್ ಬೇಕು. ಎಂಜಿನ್ನಿಗೆ ಒಪ್ಪಿಗೆ ಕೊಡುವ ಚಿಪ್‌ಗೆ ಬೇಡ, ಅದು ಕಾರಿನಲ್ಲಿರುವ ತಂತಿ ಸುರುಳಿಯಿಂದಲೇ ಶಕ್ತಿ ಪಡೆಯುತ್ತದೆ.

ಹಾಗಾಗಿ ಮೊದಲು ರಿಮೋಟಿನೊಳಗಿನ ಲೋಹದ ಕೀ ಎಳೆದು ಚಾಲಕನ ಬಾಗಿಲು ತೆರೆಯಿರಿ. ಕೀ ತೂತು ಕಾಣದಿದ್ದರೆ ಹಿಡಿಕೆಯ ತುದಿಯ ಮುಚ್ಚಳದಡಿ ಹುಡುಕಿ. ಸೈರನ್ ಕೂಗಿದರೆ ಕೂಗಲಿ, ಇಗ್ನಿಷನ್ ಆನ್ ಆದೊಡನೆ ಸಾಮಾನ್ಯವಾಗಿ ಸುಮ್ಮನಾಗುತ್ತದೆ. ಸ್ಟಾರ್ಟ್ ಬಟನ್ ಇರುವ ಬಹುತೇಕ ಕಾರುಗಳಲ್ಲಿ ರಿಮೋಟನ್ನೇ ಬಟನ್ನಿಗೆ ತಾಗಿಸಿ, ಬ್ರೇಕ್ ತುಳಿದು ಒತ್ತಿದರೆ ಸಾಕು. ಕೆಲವು ಮಾದರಿಗಳಲ್ಲಿ ತಾಗಿಸುವ ಜಾಗ ಬೇರೆ, ಮ್ಯಾನುಯಲ್‌ನಲ್ಲಿ ಚಿತ್ರವಿರುತ್ತದೆ. ಡ್ಯಾಶ್‌ಬೋರ್ಡಿನ ದೀಪಗಳೂ ಮಂಕಾಗಿದ್ದರೆ ತಪ್ಪು ಕೀಯದ್ದಲ್ಲ, ಕಾರಿನ 12 ವೋಲ್ಟ್ ಬ್ಯಾಟರಿಯದ್ದು.

ಇನ್ನು ಸೆಲ್. ಮೊದಲು ಇಪ್ಪತ್ತು ಹೆಜ್ಜೆಯಿಂದ ಕೇಳುತ್ತಿದ್ದ ಕಾರು ಈಗ ಬಾಗಿಲ ಬಳಿ ಬಂದರಷ್ಟೇ ಕೇಳುತ್ತದೆ ಎಂದಾದರೆ ಅದು ಮುಗಿಯುತ್ತ ಬಂದಿದೆ. ಹೆಚ್ಚಿನ ರಿಮೋಟುಗಳಲ್ಲಿರುವುದು ಸಿಆರ್ 2032: ಅಡ್ಡಳತೆ 20 ಮಿ.ಮೀ., ದಪ್ಪ 3.2 ಮಿ.ಮೀ. ಅಂಗಡಿಯವರು 'ನಡೆಯುತ್ತೆ' ಎಂದು 2025 ಕೊಟ್ಟರೆ ಬೇಡ. ಅದರ ದಪ್ಪ 2.5 ಮಿ.ಮೀ. ಮಾತ್ರ, ಕಾರು ಹಳ್ಳಕ್ಕೆ ಬಿದ್ದಾಗ ಸಂಪರ್ಕ ತಪ್ಪಬಹುದು. ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಂಡರೂ ಪ್ಯಾಕೆಟ್ಟಿನ ಮೇಲಿನ ತಾರೀಕು ನೋಡಿ. ಅಗಲ ತುದಿಯ ಸ್ಕ್ರೂಡ್ರೈವರಿಗೆ ಬಟ್ಟೆ ಸುತ್ತಿ, ಅಂಚಿನ ಗೀರಿನಲ್ಲಿಟ್ಟು ಮೆಲ್ಲಗೆ ತಿರುಗಿಸಿದರೆ ಕವಚ ಬಿಚ್ಚುತ್ತದೆ. ಹಳೆಯ ಸೆಲ್ಲಿನ + ಗುರುತು ಯಾವ ಕಡೆಗಿತ್ತೆಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಹೊಸದು ಮೀಟರಿನಲ್ಲಿ 3 ವೋಲ್ಟಿಗಿಂತ ತುಸು ಹೆಚ್ಚೇ ತೋರಿಸಬೇಕು. ಹಳೆಯದೂ 2.9 ತೋರಿಸಿ ಮೋಸ ಮಾಡುವುದುಂಟು: ಕೆಲಸವಿಲ್ಲದೆ ಸುಮ್ಮನಿದ್ದಾಗ ಸರಿ, ಬಟನ್ ಒತ್ತಿದ ಕ್ಷಣ ಕುಸಿಯುತ್ತದೆ.

ಮುಂಬಯಿ, ಗೋವೆಯ ಉಪ್ಪುಗಾಳಿಗೆ ಸೆಲ್ ಹಿಡಿಯುವ ತಗಡು ಹಸಿರುಗಟ್ಟುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ತಗಡನ್ನು ಕೂದಲೆಳೆಯಷ್ಟು ಮೇಲೆತ್ತಿ. ರಿಮೋಟ್ ಮಳೆಯಲ್ಲಿ ನೆನೆದರೆ ಮೊದಲು ಸೆಲ್ ತೆಗೆಯಿರಿ, ಒಣಗಿಸುವುದು ಆಮೇಲೆ. ನೀರಿಗಿಂತ ಒದ್ದೆಯಲ್ಲಿ ಹರಿಯುವ ಕರೆಂಟೇ ತಗಡನ್ನು ಹೆಚ್ಚು ತಿನ್ನುತ್ತದೆ.

ಸೆಲ್ ಹೊಸದು, ಸಂಪರ್ಕ ಶುದ್ಧ, ಆದರೂ ಮೌನವೇ? ಆಗ ಲೆಕ್ಕ ತಪ್ಪಿರಬಹುದು. ಒಂದೊಂದು ಒತ್ತಿಗೂ ರಿಮೋಟ್ 433.92 ಮೆಗಾಹರ್ಟ್ಜ್ ಆಸುಪಾಸಿನಲ್ಲಿ ಹೊಸ ಗುಪ್ತ ಸಂಖ್ಯೆ ಕಳಿಸುತ್ತದೆ. ಹಿಂದೆ ಬಂದದ್ದನ್ನು ಕಾರು ಮತ್ತೆ ಒಪ್ಪುವುದಿಲ್ಲ. ಸಂಖ್ಯೆಯನ್ನು ಕದ್ದು ಹಿಡಿದಿಟ್ಟವನಿಗೆ ಪ್ರಯೋಜನವಿಲ್ಲದಿರಲೆಂದೇ ಈ ಏರ್ಪಾಡು. ಮುಂದಿನ ಕೆಲವನ್ನು ಮಾತ್ರ ಒಪ್ಪುತ್ತದೆ, ಕೀಲಾಕ್ ಎಂಬ ಹಳೆಯ ಪದ್ಧತಿಯಲ್ಲಿ ಸಾಮಾನ್ಯವಾಗಿ 16. ಮನೆಯಲ್ಲಿ ಮಗು ಐವತ್ತು ಸಲ ಒತ್ತಿ ಆಡಿದ್ದರೆ ರಿಮೋಟ್ ಆ ಮಿತಿ ದಾಟಿ ಮುಂದೆ ಹೋಗಿರುತ್ತದೆ. ಕಾರಿನ ಪಕ್ಕ ನಿಂತು ಎರಡು ಸಲ ಬೆನ್ನುಬೆನ್ನಿಗೆ ಒತ್ತಿ. ಇಂಥ ಪದ್ಧತಿಯಲ್ಲಿ ಲೆಕ್ಕ ತಾನೇ ಕೂಡಿಕೊಳ್ಳುತ್ತದೆ. ಕೂಡದಿದ್ದರೆ ಮಾತ್ರ ಸರ್ವಿಸ್ ಸೆಂಟರಿನ ದಾರಿ.

ಕಿಸೆಯಲ್ಲಿದ್ದರೆ ಸಾಕು, ಬಾಗಿಲು ತೆರೆಯುವ ಕೀಗೆ ಇನ್ನೊಂದು ಕಾಟ. ಹಿಡಿಕೆಯ ಬಳಿಯ ಸುಮಾರು 125 ಕಿಲೋಹರ್ಟ್ಜ್ ಅಲೆ ಅದನ್ನು ಎಬ್ಬಿಸುತ್ತದೆ. ಕಾರು ಗೋಡೆಯಾಚೆಗೇ ನಿಂತಿದ್ದು, ಕೀ ಈಚೆ ಮೊಳೆಗೆ ತೂಗಿದ್ದರೆ ಪದೇ ಪದೇ ಎಚ್ಚರವಾಗಿ ಸೆಲ್ ಬೇಗ ಬರಿದಾಗುತ್ತದೆ. ಕಳ್ಳರು ಅದೇ ಅಲೆಯನ್ನು ಒಂದು ರೇಡಿಯೋ ಪೆಟ್ಟಿಗೆಯಿಂದ ಇನ್ನೊಂದಕ್ಕೆ ಸಾಗಿಸಿ ಮನೆಯೊಳಗಿನ ಕೀಯನ್ನು ಮೋಸಗೊಳಿಸುವುದೂ ಸಾಧ್ಯ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಕೀ ಹಾಕಿ, ಡಬ್ಬಿ ಹಿಡಿದೇ ಕಾರಿನ ಹಿಡಿಕೆ ಮುಟ್ಟಿ ನೋಡಿ. ಬಾಗಿಲು ತೆರೆದುಕೊಂಡರೆ ಡಬ್ಬಿ ಬದಲಿಸಿ.