ಮರೆವು ಅಂದ ಕೂಡಲೇ ವಯಸ್ಸನ್ನು ದೂರಬೇಡಿ

ನಮ್ಮತ್ತೆ ಒಲೆ ಮೇಲೆ ಹಾಲಿಟ್ಟು ಮರೆಯುತ್ತಿದ್ದರು. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದರು. ವಯಸ್ಸಾಯ್ತಲ್ವಾ ಅಂತ ನಾವೂ ಸುಮ್ನಿದ್ದೆವು. ರಕ್ತ ಪರೀಕ್ಷೆ ಮಾಡಿಸಿದರೆ ವಿಟಮಿನ್ ಬಿ12 ತುಂಬಾ ಕಮ್ಮಿ! ಇಂಜೆಕ್ಷನ್ ಶುರುವಾದ ಕೆಲವು ತಿಂಗಳಿಗೆ ಎಷ್ಟೋ ಸುಧಾರಿಸಿದರು.

ಮನೆಯ ಹಿರಿಯರಿಗೆ ಮರೆವು ಜಾಸ್ತಿಯಾಗುತ್ತಿದ್ದರೆ ದಯವಿಟ್ಟು ಬಿ12, ಥೈರಾಯ್ಡ್ ಎರಡನ್ನೂ ಪರೀಕ್ಷೆ ಮಾಡಿಸಿ. ಮಾಂಸ, ಮೊಟ್ಟೆ ತಿನ್ನದವರಲ್ಲಿ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ12 ಕೊರತೆ ಹೆಚ್ಚು. ನಿದ್ದೆ ಮಾತ್ರೆಯಿಂದಲೂ ಮಂಕು ಕವಿಯುತ್ತದೆ. ಡಾಕ್ಟರ ಹತ್ತಿರ ಹೋಗುವಾಗ ಮಾತ್ರೆ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ.

ಕಿವಿಯನ್ನಂತೂ ಬಿಡಲೇಬೇಡಿ. ಸರಿಯಾಗಿ ಕೇಳಿಸದವರು ಮೆಲ್ಲಗೆ ಮಾತೇ ಬಿಟ್ಟು ಮೂಲೆ ಸೇರುತ್ತಾರೆ. ನೆನಪು, ಯೋಚನಾಶಕ್ತಿ ಕುಂದುತ್ತಾ ಹೋಗುವ ಡಿಮೆನ್ಷಿಯಾಕ್ಕೆ ದಾರಿ ಮಾಡಿಕೊಡುವ, ಆದರೆ ನಾವು ತಡೆಯಬಹುದಾದ 14 ಕಾರಣಗಳನ್ನು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಗುರುತಿಸಿದೆ. ಕಿವಿ ಮಂದವಾಗುವುದೂ ಅದರಲ್ಲಿ ಒಂದು.